ಮೂರು ದಿನ ಹೊರಗೆ, ಒಂದು ದಿನ ರಜೆ: ಮುಟ್ಟಿನ ರಜೆಯ ಗೊಂದಲ ಬಿಡಿಸಿ ನೋಡಿದರೆ

2025ರ ಡಿಸೆಂಬರ್ 9ರಂದು ಬೆಳಿಗ್ಗೆ ಹೈಕೋರ್ಟ್ ಮುಟ್ಟಿನ ರಜೆಯ ಸರ್ಕಾರಿ ಆದೇಶಕ್ಕೆ ತಡೆ ಕೊಟ್ಟಿತು. ನಮ್ಮ ಮಾತನ್ನೂ ಕೇಳಿ ಎಂದು ಸರ್ಕಾರದ ವಕೀಲರು ಹೋದ ಮೇಲೆ ಅದೇ ದಿನ ಆ ತಡೆಯನ್ನು ವಾಪಸ್ ಪಡೆಯಿತು. ಬೆಳಿಗ್ಗೆ 'ರಜೆ ಹೋಯ್ತು', ಆಮೇಲೆ 'ಇಲ್ಲ, ಇದೆ'. ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವ ಹುಡುಗಿ, ಖಾಸಗಿ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಮಾಡುವ ನರ್ಸ್, ಮನೆಯಲ್ಲೇ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸು ಇದರಿಂದ ಏನು ಅರ್ಥ ಮಾಡಿಕೊಳ್ಳಬೇಕು?

ಕಾನೂನಿನ ಗೊಂದಲ ಇವತ್ತಲ್ಲ ನಾಳೆ ಬಗೆಹರಿಯುತ್ತದೆ. ಅದರ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇದೆ, ಅದು ಅಷ್ಟು ಸುಲಭದ್ದಲ್ಲ. ಈ ರಜೆ ಹೆಣ್ಣುಮಕ್ಕಳ ಬಗ್ಗೆ ಇರುವ ಪೂರ್ವಗ್ರಹವನ್ನು ಕಡಿಮೆ ಮಾಡುತ್ತದೋ ಅಥವಾ ಹೊಸದೊಂದನ್ನು ಹುಟ್ಟಿಸುತ್ತದೋ? ನಮ್ಮ ಭಾಗದಲ್ಲಿ ಈ ಪ್ರಶ್ನೆಗೆ ಬೇರೆಯೇ ತೂಕ. ದಾವಣಗೆರೆಯಿಂದ ಒಂದೆರಡು ಗಂಟೆ ಬಸ್ಸಿನಲ್ಲಿ ಹೋದರೆ, ಮುಟ್ಟಾದ ಹೆಂಗಸನ್ನು ಊರಿನ ಹೊರಗೇ ಇರಿಸುವ ಹಟ್ಟಿಗಳಿವೆ. 1997ರವರೆಗೆ ದಾವಣಗೆರೆಯೂ ಆ ಹಟ್ಟಿಗಳಿರುವ ಚಿತ್ರದುರ್ಗದ ಸೀಮೆಯೂ ಒಂದೇ ಜಿಲ್ಲೆಯಾಗಿತ್ತು.

ಆದೇಶದಲ್ಲಿ ಏನಿದೆ?

ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್ 9ರಂದು ಈ ನೀತಿಗೆ ಒಪ್ಪಿಗೆ ಕೊಟ್ಟಿತು, ನವೆಂಬರ್‌ನಲ್ಲಿ ಆದೇಶ ಬಂತು. 18ರಿಂದ 52 ವರ್ಷದೊಳಗಿನ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ. ಕಾಯಂ, ಗುತ್ತಿಗೆ, ಹೊರಗುತ್ತಿಗೆ ಎಂಬ ಭೇದ ಇಲ್ಲ. ಡಾಕ್ಟರ್ ಸರ್ಟಿಫಿಕೇಟ್ ಬೇಡ. ಈ ತಿಂಗಳ ರಜೆಯನ್ನು ಮುಂದಿನ ತಿಂಗಳಿಗೆ ಉಳಿಸಿಕೊಳ್ಳುವ ಹಾಗಿಲ್ಲ. ಇದಕ್ಕೆ ಮೊದಲು ಅಧ್ಯಯನ ಮಾಡಿದ ಸಮಿತಿ ಹೇಳಿದ್ದು ವರ್ಷಕ್ಕೆ 6 ದಿನ, ಸರ್ಕಾರ ಅದನ್ನು ಎರಡು ಪಟ್ಟು ಮಾಡಿತು.

ಯಾರಿಗೆ ಅನ್ವಯ ಎಂಬುದಕ್ಕೆ ಐದು ಕಾಯ್ದೆಗಳನ್ನು ಹೆಸರಿಸಲಾಗಿದೆ: ಕಾರ್ಖಾನೆ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆ, ಪ್ಲಾಂಟೇಶನ್, ಬೀಡಿ ಮತ್ತು ಸಿಗಾರ್, ಮೋಟಾರು ಸಾರಿಗೆ. ಅದೇ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಇಂಥ ಹಳೆಯ ಕೇಂದ್ರ ಕಾಯ್ದೆಗಳನ್ನು ತಮ್ಮೊಳಗೆ ಸೇರಿಸಿಕೊಂಡವು, ಹಾಗಾಗಿ ಓದುವವರಿಗೆ ತಲೆ ಕೆಟ್ಟದ್ದರಲ್ಲಿ ಆಶ್ಚರ್ಯ ಇಲ್ಲ.

ಕೋರ್ಟಿಗೆ ಹೋದ ಹೋಟೆಲ್ ಮಾಲೀಕರ ಸಂಘದ ವಾದ ಸರಳ. ಕಾರ್ಮಿಕ ಕಾಯ್ದೆಗಳಲ್ಲಿ ಈಗಾಗಲೇ ರಜೆಗಳಿವೆ, ಹೊಸ ರಜೆ ಬೇಕಾದರೆ ಶಾಸನಸಭೆ ಕಾನೂನು ಮಾಡಲಿ, ಬರೀ ಆದೇಶದಿಂದ ಖಾಸಗಿಯವರ ಮೇಲೆ ಹೊರೆ ಹಾಕುವುದು ಸರಿಯಲ್ಲ. ಇದು ಅಧಿಕಾರದ ಪ್ರಶ್ನೆ, ಮುಟ್ಟಿನದಲ್ಲ. ಇದನ್ನು ಕೋರ್ಟಿಗೇ ಬಿಡೋಣ.

ಹೆಂಗಸರ ಪರ ಇರುವವರೇ ಯಾಕೆ ಒಪ್ಪುತ್ತಿಲ್ಲ?

ಗೊಂದಲ ನಿಜಕ್ಕೂ ಶುರುವಾಗುವುದು ಇಲ್ಲಿ. 2023ರ ಡಿಸೆಂಬರ್‌ನಲ್ಲಿ ಆಗಿನ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಸ್ಮೃತಿ ಇರಾನಿ ರಾಜ್ಯಸಭೆಯಲ್ಲಿ, ಮುಟ್ಟು ಅಂಗವೈಕಲ್ಯ ಅಲ್ಲ, ಇದಕ್ಕೆ ಪ್ರತ್ಯೇಕ ರಜೆ ಬೇಡ ಎಂಬ ಅರ್ಥದ ಮಾತು ಹೇಳಿದರು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಇಂಥ ರಜೆ ಕಡ್ಡಾಯವಾದರೆ ಹೆಣ್ಣುಮಕ್ಕಳಿಗೆ ಕೆಲಸ ಕೊಡಲು ಹಿಂದೆಮುಂದೆ ನೋಡುವಂತಾಗಬಹುದು ಎಂದಿತು, ಆದರೆ ಮಾದರಿ ನೀತಿಯೊಂದನ್ನು ಯೋಚಿಸಿ ಎಂದು ಕೇಂದ್ರಕ್ಕೂ ಹೇಳಿತು.

ಇನ್ನೊಂದು ಕಡೆಯವರು ಹೇಳುವುದು ಇಷ್ಟು. ನೋವು ಸುಳ್ಳಲ್ಲ. ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಸ್ನಾಯುಗಳನ್ನು ಹಿಂಡುತ್ತದೆ, ಹೊಟ್ಟೆನೋವು ಬರುವುದು ಅದರಿಂದ. ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಈ ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 10 ಮಂದಿಗೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿತ್ತು. ಇಷ್ಟೆಲ್ಲ ಇದ್ದೂ ಒಂದು ದಿನ ಕೂರುವ ಹಕ್ಕು ಇಲ್ಲ ಅಂದರೆ ಹೇಗೆ?

ಎರಡೂ ಕಡೆಯವರು ಒಂದೇ ವಿಷಯಕ್ಕೆ ಹೆದರುತ್ತಿದ್ದಾರೆ, ಗಮನಿಸಿ. ಹೆಣ್ಣಿನ ಮೈಯನ್ನೇ ನೆಪ ಮಾಡಿಕೊಂಡು ಅವಳನ್ನು ದೂರ ಇಡುತ್ತಾರೆ ಎಂಬ ಭಯ ಅದು. ಒಬ್ಬರಿಗೆ ರಜೆ ಕೊಟ್ಟರೆ ಹಾಗಾಗುತ್ತದೆ ಅನ್ನಿಸುತ್ತದೆ, ಇನ್ನೊಬ್ಬರಿಗೆ ಈ ವಿಷಯ ಮಾತಾಡದೆ ಮುಚ್ಚಿಟ್ಟರೆ ಹಾಗಾಗುತ್ತದೆ ಅನ್ನಿಸುತ್ತದೆ.

ಪೂರ್ವಗ್ರಹ ಕೆಲಸ ಮಾಡುವುದು ಹೇಗೆ?

2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ. ಒಬ್ಬ ಯುವತಿ ಬ್ಯಾಗಿನಿಂದ ಏನೋ ಬೀಳಿಸುತ್ತಾಳೆ. ಕೆಲವರ ಎದುರು ಬೀಳುವುದು ಕೂದಲಿನ ಕ್ಲಿಪ್, ಕೆಲವರ ಎದುರು ಮುಟ್ಟಿನ ಸಮಯದಲ್ಲಿ ಬಳಸುವ ಟ್ಯಾಂಪೂನ್. ಉಳಿದದ್ದೆಲ್ಲ ಒಂದೇ. ಆಮೇಲೆ ಕೇಳಿದಾಗ, ಟ್ಯಾಂಪೂನ್ ಬಿದ್ದದ್ದನ್ನು ನೋಡಿದವರು ಅವಳನ್ನು ಕಡಿಮೆ ಸಮರ್ಥಳು ಅಂದರು, ಅವಳು ಅಷ್ಟು ಇಷ್ಟವಾಗಲಿಲ್ಲ ಅಂದರು, ಕುರ್ಚಿಯನ್ನೂ ಸ್ವಲ್ಪ ದೂರ ಆರಿಸಿಕೊಳ್ಳುವ ಹಾಗೆ ಕಂಡಿತು. ಗಂಡಸರು ಮಾತ್ರ ಅಲ್ಲ, ಹೆಂಗಸರೂ ಹಾಗೇ ಮಾಡಿದರು.

ಅಲ್ಲಿ ಮಡಿಯೂ ಇರಲಿಲ್ಲ, ಸೂತಕವೂ ಇರಲಿಲ್ಲ. ಓದಿದವರು, ಕೇಳಿದರೆ 'ನಮಗೆ ಭೇದಭಾವ ಇಲ್ಲ' ಅನ್ನುವವರೇ ಇದ್ದಿರಬೇಕು. ಆದರೂ ಮನಸ್ಸಿನಲ್ಲಿ ಒಂದು ಸಣ್ಣ ಹಿಂಜರಿಕೆ ಹುಟ್ಟಿತು, ಅದು ಸಾಮರ್ಥ್ಯದ ಬಗೆಗಿನ ತೀರ್ಪಾಗಿ ಬದಲಾಯಿತು. ಪೂರ್ವಗ್ರಹ ಬರೀ ದ್ವೇಷ ಅಲ್ಲ ಅನ್ನುವುದು ಇದಕ್ಕೇ. ಮೊದಲು ಅಸಹ್ಯ ಅಥವಾ ಮುಜುಗರ ಬರುತ್ತದೆ, ಕಾರಣ ಆಮೇಲೆ ಹುಡುಕುತ್ತೇವೆ.

ನಮ್ಮೂರಿನ ಮೆಡಿಕಲ್ ಶಾಪ್‌ಗಳಲ್ಲೂ ಇದು ಕಾಣುತ್ತದೆ. ಕೆಮ್ಮಿನ ಔಷಧಿ ಹಾಗೇ ಕೈಗೆ ಕೊಡುತ್ತಾರೆ, ಪ್ಯಾಡ್ ಪ್ಯಾಕೆಟ್‌ಗೆ ಮಾತ್ರ ಪೇಪರ್ ಸುತ್ತಿ ಕಪ್ಪು ಕವರ್‌ಗೆ ಹಾಕುತ್ತಾರೆ. ಯಾರಿಗೂ ಕೆಟ್ಟ ಉದ್ದೇಶ ಇಲ್ಲ. ಆದರೆ ಪಕ್ಕದಲ್ಲಿ ನಿಂತ ಹತ್ತು ವರ್ಷದ ಹುಡುಗಿ ಆ ಕಪ್ಪು ಕವರ್‌ನಿಂದ ಒಂದು ಪಾಠ ಕಲಿತುಬಿಡುತ್ತಾಳೆ, ಅವಳ ತಮ್ಮನೂ ಕಲಿಯುತ್ತಾನೆ.

ಹಟ್ಟಿಯ ಹೊರಗಿನ ಗುಡಿಸಲು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಿರಿಯೂರು, ಹೊಸದುರ್ಗ ಸೀಮೆಯಲ್ಲಿ, ಪಕ್ಕದ ತುಮಕೂರು ಜಿಲ್ಲೆಯ ಶಿರಾ, ಪಾವಗಡದ ಕಡೆ ಕಾಡುಗೊಲ್ಲರ ಹಟ್ಟಿಗಳಿವೆ. ಕುರಿ ಕಾಯುವ, ಜುಂಜಪ್ಪ, ಎತ್ತಪ್ಪನಂಥ ದೈವಗಳನ್ನು ನಂಬುವ ಜನ. ಹಟ್ಟಿಯ ಒಳಗೆ ದೇವರಿದೆ, ಹಾಗಾಗಿ ಇಡೀ ಹಟ್ಟಿಯೇ ಮಡಿಯ ಜಾಗ ಎಂಬುದು ನಂಬಿಕೆ. ಮುಟ್ಟಾದವಳು ಮೂರು ದಿನ, ಕೆಲವು ಕಡೆ ಇನ್ನೂ ಜಾಸ್ತಿ, ಹಟ್ಟಿಯ ಹೊರಗೆ ಇರಬೇಕು. ಬಾಣಂತಿಯಾದರೆ ಕೂಸಿನ ಜೊತೆ ವಾರಗಟ್ಟಲೆ. ಎಲ್ಲ ಹಟ್ಟಿಗಳಲ್ಲೂ ಒಂದೇ ತರ ಇಲ್ಲ, ಎಷ್ಟೋ ಕಡೆ ಸಡಿಲವಾಗಿದೆ. ಆದರೆ ಹೋಗಿಲ್ಲ.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ, ಮಳೆ ಚಳಿಯಲ್ಲಿ ಗುಡಿಸಲಿನಲ್ಲಿ ಬಾಣಂತಿಯ ಜೊತೆ ಇದ್ದ ಎಳೆಗೂಸು ತೀರಿಹೋಯಿತು. ರಾಜ್ಯವೆಲ್ಲ ಸುದ್ದಿಯಾಯಿತು, ಅಧಿಕಾರಿಗಳು ಬಂದರು, ಗುಡಿಸಲು ತೆಗೆಸಿದರು.

ಕಾನೂನು ಇಲ್ಲವೆಂದಲ್ಲ. 2017ರಲ್ಲಿ ರಾಜ್ಯ ಮಾಡಿದ, 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯ ಪಟ್ಟಿಯಲ್ಲೇ ಮುಟ್ಟಾದವರನ್ನು, ಗರ್ಭಿಣಿಯರನ್ನು ಬಲವಂತವಾಗಿ ಬೇರೆ ಇಡುವುದು ಸೇರಿದೆ. ಶಿಕ್ಷೆ 1ರಿಂದ 7 ವರ್ಷ. ಇನ್ನೊಂದು ಕಡೆ, ಸರ್ಕಾರವೇ ಕೆಲವು ಹಟ್ಟಿಗಳ ಹೊರಗೆ ಈ ಹೆಂಗಸರಿಗೆಂದು 'ಕೃಷ್ಣ ಕುಟೀರ' ಎಂಬ ಕಟ್ಟಡ ಕಟ್ಟಿಸಿಕೊಟ್ಟಿತು. ಮಳೆಯಲ್ಲಿ ನೆನೆಯದಿರಲಿ ಎಂಬ ಕಾಳಜಿ ನಿಜ. ಆದರೆ ಬೇರೆ ಇಡುವುದು ತಪ್ಪು ಎನ್ನುವ ಸರ್ಕಾರವೇ ಬೇರೆ ಇಡಲು ಸಿಮೆಂಟಿನ ಗೋಡೆ ಎಬ್ಬಿಸಿದರೆ, ಹಟ್ಟಿಯ ಹಿರಿಯರು ಅದನ್ನು ಒಪ್ಪಿಗೆ ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳುತ್ತಾರೆ? ಅನುಕೂಲ ಮಾಡಿಕೊಟ್ಟು ಕಟ್ಟಳೆಯನ್ನು ಗಟ್ಟಿ ಮಾಡಿದಂತಾಯಿತು. ಮುಟ್ಟಿನ ರಜೆಯನ್ನು ವಿರೋಧಿಸುವವರ ಭಯ ಇದೇ ಜಾತಿಯದ್ದು, ಅದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

'ವಿಶ್ರಾಂತಿ ಸಿಗಲಿ ಅಂತಲೇ ಮಾಡಿದ್ದು'

ಈ ಚರ್ಚೆ ಬಂದಾಗಲೆಲ್ಲ ಕೇಳುವ ಮಾತು: ಹಿಂದಿನವರು ದಡ್ಡರಲ್ಲ, ಹೆಣ್ಣಿಗೆ ಮೂರು ದಿನ ವಿಶ್ರಾಂತಿ ಸಿಗಲಿ ಅಂತಲೇ ಹೊರಗೆ ಕೂರಿಸಿದರು, ಈಗ ಸರ್ಕಾರ ಅದನ್ನೇ ರಜೆ ಅಂತ ಕೊಡುತ್ತಿದೆ.

ಕೇಳಲು ಚೆನ್ನಾಗಿದೆ. ಪರೀಕ್ಷೆ ಮಾಡಿ ನೋಡೋಣ. ವಿಶ್ರಾಂತಿ ಅಂದರೆ ಬೇಕಾದಾಗ ತೆಗೆದುಕೊಳ್ಳುವುದು, ಬೇಡವಾದರೆ ಬಿಡುವುದು. ನನಗೆ ಏನೂ ನೋವಿಲ್ಲ, ನಾನು ನನ್ನ ಮಂಚದಲ್ಲೇ ಮಲಗುತ್ತೇನೆ ಅಂದರೆ ಬಿಡುತ್ತಾರಾ? ಹೊಟ್ಟೆ ಹಿಡಿದುಕೊಂಡು ಒದ್ದಾಡುವವಳಿಗೆ ನಾಲ್ಕನೇ ದಿನವೂ ಬಿಡುವು ಸಿಗುತ್ತದಾ? ವಿಶ್ರಾಂತಿಗೇ ಮಾಡಿದ್ದಾದರೆ ಮನೆಯ ಒಳ್ಳೆಯ ಕೋಣೆ ಕೊಡಬೇಕಿತ್ತು, ಊರಾಚೆಯ ಗುಡಿಸಲನ್ನಲ್ಲ. ಉಪ್ಪಿನಕಾಯಿ ಭರಣಿ ಮುಟ್ಟಬೇಡ ಅನ್ನುವುದರಲ್ಲಿ ಯಾವ ವಿಶ್ರಾಂತಿ ಇದೆ? ಅದೇ ದಿನ ಹೊಲದಲ್ಲಿ ಶೇಂಗಾ ಕೀಳಲು, ಈರುಳ್ಳಿ ಕಳೆ ತೆಗೆಯಲು ಯಾರ ಅಡ್ಡಿಯೂ ಇಲ್ಲ ಅಂದ ಮೇಲೆ, ಕಾಪಾಡುತ್ತಿದ್ದದ್ದು ಅವಳ ಮೈಯನ್ನಲ್ಲ, ಮನೆಯ ಮಡಿಯನ್ನು.

ಹಾಗಾಗಿ ಗುಡಿಸಲಿಗೂ ರಜೆಗೂ ವ್ಯತ್ಯಾಸ ಎರಡೇ ಪ್ರಶ್ನೆಗಳಲ್ಲಿದೆ. ತೀರ್ಮಾನ ಯಾರದು? ಖರ್ಚು ಯಾರದು? ಗುಡಿಸಲಿನಲ್ಲಿ ತೀರ್ಮಾನ ಊರಿನದು, ಖರ್ಚು ಅವಳದು. ರಜೆಯಲ್ಲಿ, ಕಾಗದದ ಮೇಲಾದರೂ, ತೀರ್ಮಾನ ಅವಳದು, ಖರ್ಚು ಕೆಲಸ ಕೊಟ್ಟವರದು. ರಜೆಯ ನಿಯಮ ಈ ಎರಡರಲ್ಲಿ ಒಂದನ್ನು ಕಳೆದುಕೊಂಡರೂ ಅದು ಗುಡಿಸಲಿನ ಕಡೆ ಜಾರುತ್ತದೆ.

ಐದು ಸೂತಕ, ಒಂದೇ ಬೇರು

ನಮ್ಮ ಭಾಷೆಯಲ್ಲಿ 'ಮುಟ್ಟು' ಅಂದರೆ ಸ್ಪರ್ಶವೂ ಹೌದು, ತಿಂಗಳ ಸ್ರಾವವೂ ಹೌದು. ಮುಟ್ಟಾದವಳನ್ನು ಮುಟ್ಟಬಾರದು. ಮುಟ್ಟಬಾರದು ಎಂಬ ಮಾತು ಕೇಳಿದ ಕೂಡಲೇ ಇನ್ನೊಂದು ನೆನಪಾಗಲೇಬೇಕು, ಅಲ್ವಾ?

ಹನ್ನೆರಡನೇ ಶತಮಾನದ ಶರಣರು ಇದನ್ನು ಆಗಲೇ ಹಿಡಿದಿದ್ದರು. ಅವರು ಬೇಡವೆಂದ ಪಂಚಸೂತಕಗಳು ಜನನ ಸೂತಕ, ಮರಣ ಸೂತಕ, ರಜಸ್ಸೂತಕ, ಎಂಜಲು ಸೂತಕ, ಜಾತಿ ಸೂತಕ. ಹೆಣ್ಣಿನ ಮುಟ್ಟನ್ನೂ ಜಾತಿಯ ಮೈಲಿಗೆಯನ್ನೂ ಒಂದೇ ಪಟ್ಟಿಯಲ್ಲಿ ಇಟ್ಟರು. ಯಾಕೆಂದರೆ ಎರಡರ ತರ್ಕವೂ ಒಂದೇ: ಒಂದು ಮೈ ಇನ್ನೊಂದನ್ನು ಬರೀ ಹತ್ತಿರ ಬಂದೇ ಕೆಡಿಸುತ್ತದೆ ಎಂಬುದು. ಮಠಗಳೂ ಶರಣ ಪರಂಪರೆಯೂ ಇಷ್ಟು ಗಟ್ಟಿಯಾಗಿರುವ ದಾವಣಗೆರೆ, ಚಿತ್ರದುರ್ಗದಲ್ಲಿ, ಲಿಂಗಾಯತ ಮನೆಗಳಲ್ಲೂ ಆ ದಿನಗಳಲ್ಲಿ ದೇವರ ಕೋಣೆ ಕಡೆ ಹೋಗದ ಹೆಣ್ಣುಮಕ್ಕಳು ಎಷ್ಟೋ ಮಂದಿ ಇದ್ದಾರೆ. ಒಂಬೈನೂರು ವರ್ಷದ ಹಿಂದೆ ಬಿಟ್ಟದ್ದು ಹಿಂಬಾಗಿಲಿನಿಂದ ಒಳಗೆ ಬಂದಿದೆ.

2019ರ ಸೆಪ್ಟೆಂಬರ್‌ನಲ್ಲಿ ಆಗಿನ ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ಅವರನ್ನು ದಲಿತರು ಎಂಬ ಕಾರಣಕ್ಕೆ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯ ಒಳಗೆ ಬಿಡಲಿಲ್ಲ, ಹೊರಗೇ ಕುರ್ಚಿ ಹಾಕಿದರು. ತಮ್ಮ ಹೆಣ್ಣುಮಕ್ಕಳನ್ನು ಹೊರಗಿಡುವ ಬೇಲಿ ಯಾವುದೋ, ಸಂಸದರನ್ನು ಹೊರಗಿಟ್ಟ ಬೇಲಿಯೂ ಅದೇ. 2018ರ ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಅವರು ಮುಟ್ಟಿನ ಹೆಸರಿನಲ್ಲಿ ಹೊರಗಿಡುವುದೂ ಸಂವಿಧಾನದ 17ನೇ ವಿಧಿ ನಿಷೇಧಿಸಿದ ಅಸ್ಪೃಶ್ಯತೆಯ ಒಂದು ರೂಪ ಎಂದು ಬರೆದದ್ದು ಇದೇ ಕಾರಣಕ್ಕೆ.

ಇಲ್ಲಿ ಒಂದು ಎಚ್ಚರ ಬೇಕು. ಇಂಥ ಸುದ್ದಿ ಬಂದಾಗ 'ಗೊಲ್ಲರೇ ಹಾಗೆ, ಮೂಢರು' ಎಂದು ಬರೆಯುವವರು ಜಾಸ್ತಿ. ಒಂದು ಸಮುದಾಯಕ್ಕೆ ಪೂರ್ತಿ ಹಣೆಪಟ್ಟಿ ಹಚ್ಚುವುದೂ ಪೂರ್ವಗ್ರಹವೇ. ಅದರ ಪರಿಣಾಮವೂ ಉಲ್ಟಾ ಆಗುತ್ತದೆ. ಹೊರಗಿನವರು ಅವಮಾನ ಮಾಡಿದಷ್ಟೂ ಹಟ್ಟಿ ತನ್ನ ಕಟ್ಟಳೆಯನ್ನೇ ಗುರುತು ಎಂದು ಬಿಗಿಯಾಗಿ ಹಿಡಿಯುತ್ತದೆ, ಬದಲಾವಣೆ ಬೇಕೆನ್ನುವ ಒಳಗಿನ ಹೆಣ್ಣುಮಕ್ಕಳು ಬಾಯಿ ಮುಚ್ಚಬೇಕಾಗುತ್ತದೆ.

'ನನಗೇನಿಲ್ಲ, ಊರವರು ಏನಂತಾರೆ'

ಪದ್ಧತಿಗಳು ಇಷ್ಟು ದಿನ ಬದುಕುವುದು ಎಲ್ಲರೂ ನಂಬಿರುವುದರಿಂದ ಅಲ್ಲ. ಬೇರೆಯವರು ನಂಬಿದ್ದಾರೆ ಎಂದು ಎಲ್ಲರೂ ಅಂದುಕೊಂಡಿರುವುದರಿಂದ. ಸೊಸೆ ಅತ್ತೆಗೆ ಹೆದರುತ್ತಾಳೆ, ಅತ್ತೆ ನೆರೆಯವರಿಗೆ, ನೆರೆಯವರು ಪೂಜಾರಿಗೆ, ಪೂಜಾರಿ ಊರಿಗೆ.

ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು. ಹೆಂಡತಿ ಹೊರಗೆ ದುಡಿಯುವುದಕ್ಕೆ ಹೆಚ್ಚಿನ ಗಂಡಸರ ಒಪ್ಪಿಗೆ ಇತ್ತು, ಆದರೆ ಉಳಿದ ಗಂಡಸರು ಒಪ್ಪುವುದಿಲ್ಲ ಎಂದು ಅವರು ಅಂದುಕೊಂಡಿದ್ದರು. ನಿಜವಾದ ಲೆಕ್ಕ ತಿಳಿಸಿದ ಮೇಲೆ, ಆ ಮನೆಗಳ ಹೆಂಗಸರು ಕೆಲಸಕ್ಕೆ ಅರ್ಜಿ ಹಾಕುವುದು, ಸಂದರ್ಶನಕ್ಕೆ ಹೋಗುವುದು ಜಾಸ್ತಿಯಾಯಿತು. ಯಾರ ಮನಸ್ಸನ್ನೂ ಬದಲಿಸಿರಲಿಲ್ಲ, ಮುಚ್ಚಿಟ್ಟ ಮನಸ್ಸನ್ನು ಬಹಿರಂಗ ಮಾಡಿದ್ದರು ಅಷ್ಟೇ.

ಹಟ್ಟಿಗೆ ಇದನ್ನು ಅನ್ವಯಿಸಿದರೆ, ಮನೆಮನೆಗೆ ಹೋಗಿ ಅರಿವು ಮೂಡಿಸುವ ಭಾಷಣ ಸಾಲದು. ಒಂದೇ ಮನೆ ಕಟ್ಟಳೆ ಮುರಿದರೆ ಆ ಮನೆಗೆ ಬಹಿಷ್ಕಾರದ ಭಯ, ಮಳೆ ಬರದಿದ್ದರೂ ಅವರದೇ ತಪ್ಪು. ಹತ್ತು ಮನೆ ಒಟ್ಟಿಗೆ, ಎಲ್ಲರ ಎದುರು ಹೇಳಿದರೆ ಕಥೆ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದು, ಬೇರೆ ಬೇರೆ ಗುಂಪಿನವರು ಸಮನಾಗಿ, ಒಂದೇ ಕೆಲಸಕ್ಕೆ, ಮೇಲಿನವರ ಬೆಂಬಲದೊಂದಿಗೆ ಕೂಡಿದಾಗ ಪೂರ್ವಗ್ರಹ ಇಳಿಯುತ್ತದೆ. 'ಸಮನಾಗಿ' ಎಂಬುದೇ ಇಲ್ಲಿ ಮುಖ್ಯ. ಯಜಮಾನ ಮತ್ತು ಕೂಲಿ ದಿನವೂ ಭೇಟಿಯಾಗುತ್ತಾರೆ, ಅದರಿಂದ ಏನೂ ಇಳಿದಿಲ್ಲ.

ಮುಂದೆ ಏನಾಗಬಹುದು?

ಬಿಹಾರದಲ್ಲಿ 1992ರಿಂದ ಸರ್ಕಾರಿ ಮಹಿಳಾ ನೌಕರರಿಗೆ ತಿಂಗಳಿಗೆ ಎರಡು ದಿನ ಇಂಥ ರಜೆ ಇದೆ. ಸರ್ಕಾರಿ ಕೆಲಸದಲ್ಲಿ ರಜೆ ನೆಪ ಮಾಡಿ ಹೆಣ್ಣುಮಕ್ಕಳನ್ನು ತಪ್ಪಿಸುವುದು ಕಷ್ಟ, ಯಾಕೆಂದರೆ ಅಲ್ಲಿ ಆಯ್ಕೆ ಪರೀಕ್ಷೆಯಿಂದ, ಮೇಲಧಿಕಾರಿಯ ಇಷ್ಟದಿಂದ ಅಲ್ಲ. ಜಪಾನಿನಲ್ಲಿ 1947ರಿಂದ ಎಲ್ಲ ಕಡೆಯೂ ಈ ರಜೆಯ ಹಕ್ಕಿದೆ, ಆದರೆ ಇತ್ತೀಚಿನ ದಶಕಗಳಲ್ಲಿ ತೆಗೆದುಕೊಳ್ಳುವವರು ನೂರಕ್ಕೆ ಒಬ್ಬರೂ ಇಲ್ಲ. ಅಲ್ಲಿ ಸಂಬಳ ಕೊಡಲೇಬೇಕೆಂಬ ಕಡ್ಡಾಯವಿಲ್ಲ, ಗಂಡಸು ಮೇಲಧಿಕಾರಿಯ ಎದುರು ನಿಂತು ಹೇಳುವ ಸಂಕೋಚವೂ ಇದೆ.

ನಮ್ಮಲ್ಲಿ ದೊಡ್ಡ ಕಾರ್ಖಾನೆ, ಆಸ್ಪತ್ರೆಗಳಿಗೆ ಇದು ತಡೆದುಕೊಳ್ಳಬಹುದಾದ ಖರ್ಚು. ವರ್ಷಕ್ಕೆ 300 ಕೆಲಸದ ದಿನ ಅಂದರೆ 12 ದಿನ ನೂರಕ್ಕೆ 4, ಅದೂ ಎಲ್ಲರೂ ಎಲ್ಲ ತಿಂಗಳೂ ತೆಗೆದುಕೊಂಡರೆ. ಐದಾರು ಜನ ಕೆಲಸ ಮಾಡುವ ಅಂಗಡಿಯ ಕಥೆ ಬೇರೆ. ಅಲ್ಲಿ ಮಾಲೀಕ ರಜೆ ಕೊಡುವುದಿಲ್ಲ ಅನ್ನುವುದಿಲ್ಲ, ಮುಂದಿನ ಸಲ ಹುಡುಗನನ್ನು ಸೇರಿಸಿಕೊಳ್ಳುತ್ತಾನೆ. ಅದು ಯಾವ ದಾಖಲೆಯಲ್ಲೂ ಬರುವುದಿಲ್ಲ. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿ ಖರ್ಚು ಮಾಲೀಕರ ತಲೆಗೆ ಬಂದಾಗಲೂ ಇದೇ ಆತಂಕ ಇತ್ತು. ಸಣ್ಣ ಸಂಸ್ಥೆಗಳ ಹೊರೆಯಲ್ಲಿ ಸರ್ಕಾರ ಪಾಲು ಹೊತ್ತರೆ, ಪೂರ್ವಗ್ರಹಕ್ಕೆ ಸಿಗುವ 'ಲೆಕ್ಕಾಚಾರ'ದ ನೆಪ ತಪ್ಪುತ್ತದೆ. ಮುಜುಗರದ ಜೊತೆ ನಷ್ಟವೂ ಸೇರಿದರೆ ಪೂರ್ವಗ್ರಹಕ್ಕೆ ಎರಡು ಕಾಲು ಬಂದ ಹಾಗೆ.

ಈ ರಜೆ ಯಾರಿಗೆ ಮುಟ್ಟುವುದಿಲ್ಲ?

ಬೀಡಿ ಕಟ್ಟುವವರು ಆದೇಶದ ಪಟ್ಟಿಯಲ್ಲಿದ್ದಾರೆ. ಆದರೆ ಅವರಿಗೆ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ, ಎಲೆ ತಂಬಾಕು ಕೊಡುವ ಗುತ್ತಿಗೆದಾರ ನಡುವೆ ಇರುತ್ತಾನೆ. ಆ ದಿನ ಎಷ್ಟು ಬೀಡಿ ಕಟ್ಟಿದಂತೆ ಎಂದು ಯಾರು ಬರೆಯಬೇಕು, ಯಾವ ಪುಸ್ತಕದಲ್ಲಿ? ಇದನ್ನು ಬಿಡಿಸಿ ಹೇಳದಿದ್ದರೆ ರಜೆ ಹೆಸರಿಗೆ ಮಾತ್ರ.

ಹೊಲದ ಕೂಲಿಯವರು, ಮನೆಗೆಲಸದವರು ಪಟ್ಟಿಯಲ್ಲೇ ಇಲ್ಲ. ಹಟ್ಟಿಯ ಹೊರಗೆ ಕೂರುವ ಹೆಣ್ಣುಮಗಳು ಬಹುತೇಕ ಇವರಲ್ಲೇ ಒಬ್ಬಳು. ಮುಟ್ಟಿನ ಹೆಸರಿನಲ್ಲಿ ಅತಿ ಹೆಚ್ಚು ಅನುಭವಿಸುವವಳಿಗೆ ಮುಟ್ಟಿನ ರಜೆ ಇಲ್ಲ. ಅವಳಿಗೆ ಬೇಕಾದದ್ದು ಬೇರೆಯೇ: ಮನೆಯೊಳಗೆ ಬಚ್ಚಲು, ಕೈಗೆ ಸಿಗುವ ಪ್ಯಾಡ್, ಕೇಸು ಹಾಕುವ ಮೊದಲೇ ಬಂದು ಕೂತು ಮಾತಾಡುವ ಅಧಿಕಾರಿ. ಶಾಲೆಯ ಹುಡುಗಿಯರಿಗೆ ಪ್ಯಾಡ್ ಕೊಡುವ 'ಶುಚಿ' ಯೋಜನೆ ನಡುವೆ ಕೆಲವು ವರ್ಷ ನಿಂತು 2024ರಲ್ಲಿ ಮತ್ತೆ ಶುರುವಾಯಿತು. ಅದು ಇನ್ನೊಮ್ಮೆ ನಿಲ್ಲಬಾರದು.

ಇನ್ನು ಕೆಲಸದ ಜಾಗದಲ್ಲಿ ನೋಡಬೇಕಾದದ್ದು ಸಣ್ಣ ಸಣ್ಣ ವಿಷಯಗಳನ್ನು. ರಜೆ ಕೇಳಲು ಸೂಪರ್‌ವೈಸರ್ ಎದುರು ನಿಂತು ಹೇಳಬೇಕಾ, ಫೋನಿನಲ್ಲಿ ಒಂದು ಮೆಸೇಜ್ ಹಾಕಿದರೆ ಸಾಕಾ? ಹಾಜರಿ ಪುಸ್ತಕದಲ್ಲಿ ಅದನ್ನು ಎಲ್ಲರಿಗೂ ಕಾಣುವ ಬೇರೆ ಗುರುತಿನಲ್ಲಿ ಬರೆಯುತ್ತಾರಾ, ಇಲ್ಲ ಬೇರೆ ರಜೆಗಳ ಹಾಗೇ ಬರೆಯುತ್ತಾರಾ? ರಜೆ ಬೇಡವೆಂದು ಕೆಲಸಕ್ಕೆ ಬಂದವಳನ್ನು 'ಮನೆಗೆ ಹೋಗಮ್ಮ' ಅನ್ನುತ್ತಾರಾ? ಮುಂದಿನ ಕೆಲವು ತಿಂಗಳಲ್ಲಿ ದಾವಣಗೆರೆಯ ಅಂಗಡಿಗಳ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ, ಆಸ್ಪತ್ರೆಯ ಡ್ಯೂಟಿ ಚಾರ್ಟಿನಲ್ಲಿ, ಬೀಡಿ ಗುತ್ತಿಗೆದಾರನ ಪುಸ್ತಕದಲ್ಲಿ ಇವು ಒಂದೊಂದಾಗಿ ತೀರ್ಮಾನವಾಗುತ್ತವೆ, ಹೈಕೋರ್ಟ್ ಏನೇ ಹೇಳಲಿ.